ಖಾತೆ ಬೇರೆ, ಹಕ್ಕು ಬೇರೆ: ಪಾಲು, ಉಯಿಲು, ದಾನಪತ್ರ ಕುರಿತ ಓದುಗರ ಪ್ರಶ್ನೆಗಳು

ಆಸ್ತಿ ವಿಚಾರವಾಗಿ ಬಂದ ಪತ್ರಗಳಲ್ಲಿ ಒಂದೇ ಬಗೆಯ ತೊಡಕಿನವನ್ನು ಒಟ್ಟುಗೂಡಿಸಿ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ. ಉತ್ತರಗಳು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಕುಟುಂಬಗಳಿಗೆ ಸಂಬಂಧಿಸಿದವು. ಉಯಿಲಿನ ವಿಷಯದಲ್ಲಿ ಮುಸ್ಲಿಮರಿಗೂ ಕ್ರೈಸ್ತರಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಅಲ್ಲಿಯೇ ಹೇಳಿದ್ದೇವೆ.

ಪ್ರಶ್ನೆ: ನಮ್ಮ ತಂದೆ 2014ರಲ್ಲಿ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಅವರೇ ದುಡಿದು ಕ್ರಯಕ್ಕೆ ತೆಗೆದುಕೊಂಡ 3 ಎಕರೆ 20 ಗುಂಟೆ ತೆಂಗಿನ ತೋಟವಿದೆ. ತಾಯಿ ಇದ್ದಾರೆ, ಅಣ್ಣ ಒಬ್ಬ, ಹೆಣ್ಣುಮಕ್ಕಳು ನಾವಿಬ್ಬರು. ಮೊನ್ನೆ ಪಹಣಿ ತೆಗೆಸಿದರೆ ಪೂರ್ತಿ ತೋಟ ಅಣ್ಣನೊಬ್ಬನ ಹೆಸರಿಗೆ ಪೌತಿ ಖಾತೆಯಾಗಿದೆ. ವಂಶವೃಕ್ಷದಲ್ಲಿ ನಮ್ಮಿಬ್ಬರ ಹೆಸರೇ ಇಲ್ಲವಂತೆ. ಮಾರುವುದಕ್ಕೆ ಅಡ್ವಾನ್ಸ್ ಬೇರೆ ತೆಗೆದುಕೊಂಡಿದ್ದಾನಂತೆ. ಕೇಳಿದರೆ "ಮದುವೇಲಿ ಒಡವೆ ಹಾಕಿದ್ದೀವಲ್ಲ" ಅನ್ನುತ್ತಾನೆ. ವಕೀಲರಿಗೆ ಕೊಡಲು ನನ್ನ ಕೈಯಲ್ಲಿ ಹಣವಿಲ್ಲ.
— ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನಿಮ್ಮ ಅಣ್ಣ ಇಡೀ ತೋಟದ ಒಡೆಯರಾಗುವುದಿಲ್ಲ. ಖಾತೆ ಇರುವುದು ಕಂದಾಯ ವಸೂಲಿಗೆ. ಹಕ್ಕು ಬರುವುದು ಕಾನೂನಿನಿಂದ ಇಲ್ಲವೇ ನೋಂದಾಯಿತ ಪತ್ರದಿಂದ. ತಂದೆಯ ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ ಅಂದಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಹೆಂಡತಿಗೂ ಮಕ್ಕಳಿಗೂ ಸಮಪಾಲು. ನಿಮ್ಮಲ್ಲಿ ನಾಲ್ಕು ಪಾಲುದಾರರು. 140 ಗುಂಟೆಯನ್ನು ನಾಲ್ಕು ಮಾಡಿದರೆ ತಲಾ 35 ಗುಂಟೆ. ಅಜ್ಜಿ, ಅಂದರೆ ನಿಮ್ಮ ತಂದೆಯ ತಾಯಿ, 2014ರಲ್ಲಿ ಬದುಕಿದ್ದರೆ ಅವರೂ ಸೇರಿ ಐದು ಪಾಲು. ಇದನ್ನು ಎಷ್ಟೋ ಮನೆಗಳಲ್ಲಿ ಮರೆತೇಬಿಡುತ್ತಾರೆ. ಮದುವೆಯಲ್ಲಿ ಹಾಕಿದ ಒಡವೆಗೂ ಈ ಪಾಲಿಗೂ ಸಂಬಂಧವಿಲ್ಲ. ಖಾತೆ ಮಾಡಿಸುವಾಗ ನಿಮ್ಮಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರೂ, ಜಮೀನಿನ ಹಕ್ಕು ಬಿಡಬೇಕಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವೇ ಬೇಕು.

ಪಿತ್ರಾರ್ಜಿತ ಆಸ್ತಿ ಇರುವ ಓದುಗರೂ ಹಲವರು ಬರೆದಿದ್ದಾರೆ. ಅಲ್ಲಿ ಪಾಲಿನ ಲೆಕ್ಕ ಬೇರೆ. ಆದರೆ ಮಗಳಿಗೆ ಮಗನಷ್ಟೇ ಹುಟ್ಟಿನಿಂದ ಹಕ್ಕು. ಈ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದ 9-9-2005ರಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಮಾನಿಸಿದೆ. 20-12-2004ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಮಾತ್ರ ಅದನ್ನು ಮತ್ತೆ ತೆರೆಯುವಂತಿಲ್ಲ.

ಈಗ ಮಾಡಬೇಕಾದ ಕೆಲಸ. ಪಹಣಿಯ 10ನೇ ಕಾಲಂನಲ್ಲಿ ಎಂ.ಆರ್. ಸಂಖ್ಯೆ, ಅಂದರೆ ಖಾತೆ ಬದಲಾವಣೆಯ (ಮ್ಯುಟೇಶನ್) ಸಂಖ್ಯೆ ಇರುತ್ತದೆ. ಆ ಸಂಖ್ಯೆ ಕೊಟ್ಟು ತಾಲ್ಲೂಕು ಕಚೇರಿಯಿಂದ ಮ್ಯುಟೇಶನ್ ಕಡತದ ದೃಢೀಕೃತ ನಕಲು ಪಡೆಯಿರಿ. ಅದರೊಳಗೆ ವಂಶವೃಕ್ಷವೂ ಅದಕ್ಕೆ ಕೊಟ್ಟ ಪ್ರಮಾಣಪತ್ರವೂ ಇರಬೇಕು. ನಿಮ್ಮ ಹೆಸರು ಬಿಟ್ಟಿದ್ದಾರೆಂಬುದಕ್ಕೆ ಅದೇ ದಾಖಲೆ. ಜೊತೆಗೆ ತಂದೆಯ ಕ್ರಯಪತ್ರದ ನಕಲು, ಕ್ರಯವಾದ ವರ್ಷದಿಂದ ಇಂದಿನವರೆಗಿನ ಋಣಭಾರ ಪ್ರಮಾಣಪತ್ರ (ಇ.ಸಿ.), ತಂದೆಯ ಮರಣ ಪ್ರಮಾಣಪತ್ರ, ನೀವು ಅವರ ಮಗಳೆಂದು ತೋರಿಸುವ ಶಾಲಾ ದಾಖಲೆ ಅಥವಾ ಜನನ ಪ್ರಮಾಣಪತ್ರ ಜೋಡಿಸಿಕೊಳ್ಳಿ.

ಖಾತೆ ರದ್ದತಿಗೆ ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿ (ಎ.ಸಿ.) ಬಳಿ ಮೇಲ್ಮನವಿ ಹಾಕಬಹುದು. ತಡವಾಗಿದ್ದರೆ ವಿಳಂಬ ಮನ್ನಾ ಮಾಡಲು ಕೋರುವ ಅರ್ಜಿಯೂ ಜೊತೆಗಿರಬೇಕು. ಆದರೆ ಎ.ಸಿ. ಕೋರ್ಟ್ ಖಾತೆಯನ್ನು ಸರಿಪಡಿಸೀತೇ ಹೊರತು ಪಾಲು ಕೊಡಲಾರದು. ಅಲ್ಲೇ ವರ್ಷಗಟ್ಟಲೆ ಓಡಾಡಿ, ಅಷ್ಟರಲ್ಲಿ ಜಮೀನು ಮಾರಾಟವಾಗಿ ಹೋದ ಕುಟುಂಬಗಳು ಬಹಳ. ನಿಮ್ಮ ಪರಿಸ್ಥಿತಿಯಲ್ಲಿ ಮೊದಲು ಹೋಗಬೇಕಾದದ್ದು ಸಿವಿಲ್ ನ್ಯಾಯಾಲಯಕ್ಕೆ. ವಿಭಾಗ ದಾವೆ ಹೂಡಿ, ಅದರ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಮಧ್ಯಂತರ ಅರ್ಜಿ (ಐ.ಎ.) ಹಾಕಿಸಿ. ಉಪನೋಂದಣಾಧಿಕಾರಿಗೆ ಬರೀ ತಕರಾರು ಅರ್ಜಿ ಕೊಟ್ಟರೆ ನೋಂದಣಿ ನಿಲ್ಲುವುದಿಲ್ಲ, ಕೋರ್ಟಿನ ಆದೇಶ ಬೇಕು. ಆದೇಶ ಸಿಕ್ಕಿದ ದಿನವೇ ಒಂದು ಪ್ರತಿಯನ್ನು ಉಪನೋಂದಣಾಧಿಕಾರಿಗೆ, ಒಂದನ್ನು ತಹಶೀಲ್ದಾರರಿಗೆ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ನಮೂದು ಮಾಡಿಸಿ. ದಾವೆ ನಡೆಯುತ್ತಿರುವಾಗ ಯಾರಾದರೂ ಕೊಂಡರೂ ಅವರು ತೀರ್ಪಿಗೆ ಬದ್ಧರು.

ದಾವೆಯಲ್ಲಿ ತಾಯಿ, ಅಣ್ಣ, ಅಕ್ಕ ಅಥವಾ ತಂಗಿ ಎಲ್ಲರೂ ಪಕ್ಷಗಾರರಾಗಿರಬೇಕು. ತಂದೆಯ ಹೆಸರಿನ ಮನೆ, ಸೈಟು ಎಲ್ಲವೂ ಷೆಡ್ಯೂಲಿನಲ್ಲಿ ಬರಬೇಕು. ಒಬ್ಬರನ್ನು ಬಿಟ್ಟರೂ ಒಂದು ಆಸ್ತಿಯನ್ನು ಬಿಟ್ಟರೂ ಎದುರಾಳಿ ವಕೀಲರು ಮೊದಲು ಎತ್ತುವ ಆಕ್ಷೇಪಣೆ ಅದೇ. ತಂದೆ ತೀರಿ 12 ವರ್ಷವಾಯಿತು, ಅವಧಿ ಮುಗಿಯಿತು ಎಂದೂ ವಾದಿಸುತ್ತಾರೆ. ಒಬ್ಬ ವಾರಸುದಾರ ಸ್ವಾಧೀನದಲ್ಲಿದ್ದರೆ ಎಲ್ಲರ ಪರವಾಗಿ ಇದ್ದಾರೆಂದೇ ಕಾನೂನಿನ ಎಣಿಕೆ. ನಿಮ್ಮನ್ನು ಹೊರಗಿಟ್ಟದ್ದು ನಿಮಗೆ ಗೊತ್ತಾದದ್ದು ಯಾವಾಗ ಎಂಬುದು ಇಲ್ಲಿ ಮುಖ್ಯ. ಆದ್ದರಿಂದ ಪಹಣಿ ತೆಗೆಸಿದ ದಿನದ ರಸೀದಿಯನ್ನು ಜೋಪಾನ ಮಾಡಿ, ಇನ್ನು ತಡಮಾಡಬೇಡಿ.

ವಕೀಲರ ಖರ್ಚಿನ ಚಿಂತೆ ಬಿಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಕೂಡ ಆದಾಯದ ಮಿತಿ ಇಲ್ಲ. ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇದೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಆಧಾರ್ ಮತ್ತು ಮೇಲಿನ ದಾಖಲೆಗಳ ಜೆರಾಕ್ಸ್ ಕೊಟ್ಟರೆ ಪ್ಯಾನೆಲ್ ವಕೀಲರನ್ನು ನೇಮಿಸುತ್ತಾರೆ. ಸಹಾಯವಾಣಿ ಸಂಖ್ಯೆ 15100. ಆ ವಕೀಲರು ನಿಮ್ಮಿಂದ ಫೀಸು ಕೇಳುವಂತಿಲ್ಲ, ಕೇಳಿದರೆ ಸಮಿತಿಗೇ ದೂರು ಕೊಡಿ.

ಇನ್ನೊಂದು ಮಾತು. ಪ್ರಾಥಮಿಕ ಡಿಕ್ರಿ ಬಂದೊಡನೆ ಗೆದ್ದೆವೆಂದು ಮನೆಗೆ ಹೋಗಬೇಡಿ. ಅದು ಪಾಲು ಎಷ್ಟೆಂದು ಹೇಳುತ್ತದೆ, ಯಾವ ಮೂಲೆಯ 35 ಗುಂಟೆ ಎಂದು ಹೇಳುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿಗೆ ಅರ್ಜಿ (ಎಫ್.ಡಿ.ಪಿ.) ಹಾಕಬೇಕು. ಕಂದಾಯ ಕಟ್ಟುವ ಜಮೀನಾದರೆ ಅಳತೆ, ಹಂಚಿಕೆ ಕಂದಾಯ ಇಲಾಖೆಯ ಮೂಲಕ ಆಗುತ್ತದೆ. ಪ್ರಾಥಮಿಕ ಡಿಕ್ರಿಯ ಪ್ರತಿಯನ್ನು ಟ್ರಂಕಿನಲ್ಲಿಟ್ಟು ತೀರಿಹೋದವರ ಮಕ್ಕಳು ಮತ್ತೆ ಮೊದಲಿನಿಂದ ಅಲೆಯುವುದನ್ನು ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಕಾಣಬಹುದು. ನಡುವೆ ಅಣ್ಣ ರಾಜಿಗೆ ಬಂದರೆ ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳಿ. ಅಲ್ಲಿನ ಆದೇಶಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ಸು ಬರುತ್ತದೆ. ಊರ ಪಂಚಾಯಿತಿಕಟ್ಟೆಯಲ್ಲಿ ಬರೆದ ಪಾಲುಪಟ್ಟಿಗೆ ಈ ಯಾವ ಬಲವೂ ಇಲ್ಲ.

ಪ್ರಶ್ನೆ: ಆಸ್ತಿ ಕೆಲಸಕ್ಕೆ ಪತ್ರ ಬರಹಗಾರರು ಸಾಕೇ, ವಕೀಲರೇ ಬೇಕೇ? ಬೆಂಗಳೂರಿನ ದೊಡ್ಡ ವಕೀಲರನ್ನು ಹಿಡಿಯಬೇಕೇ?
— ಹಾಸನದ ಓದುಗರು

ಉತ್ತರ: ಎಲ್ಲ ಪಾಲುದಾರರೂ ಒಪ್ಪಿದ್ದು, ದಾಖಲೆ ಸರಿಯಿದ್ದು, ಬರೀ ಪತ್ರ ಬರೆದು ನೋಂದಣಿ ಮಾಡಿಸುವುದಾದರೆ ಅನುಭವಸ್ಥ ಪತ್ರ ಬರಹಗಾರರು ಸಾಕು. ಆದರೆ ಹಕ್ಕಿನ ಮೂಲ ಹುಡುಕುವುದು, ಬಿಟ್ಟುಹೋದ ವಾರಸುದಾರರನ್ನು ಗುರುತಿಸುವುದು, ಮಂಜೂರಾತಿ ಜಮೀನಿನ ಪರಭಾರೆ ನಿಷೇಧ ನೋಡುವುದು ಅವರ ಕೆಲಸವಲ್ಲ. ಕುಟುಂಬದಲ್ಲಿ ಅಪ್ರಾಪ್ತರು, ವಿದೇಶದಲ್ಲಿರುವವರು, ಎರಡನೇ ಮದುವೆಯ ಮಕ್ಕಳು, ಹಳೇ ಸಾಲ ಇವುಗಳಲ್ಲಿ ಒಂದಿದ್ದರೂ ವಕೀಲರ ಬಳಿ ಹೋಗಿ.

ವಕೀಲರು ನಿಮ್ಮ ತಾಲ್ಲೂಕಿನವರೇ ಆಗಿರಲಿ. ಜಮೀನಿನ ದಾವೆ ಜಮೀನು ಇರುವ ಕಡೆಯೇ ನಡೆಯಬೇಕು. ಹಳೇ ಕೈಬರಹದ ಪಹಣಿ, ಇಂಡೀಕರಣ ಪುಸ್ತಕ, ರೆಕಾರ್ಡ್ ರೂಮಿನ ನಂಟು ಇರುವವರೂ ಅಲ್ಲಿಯವರೇ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಫೀಸಿನಲ್ಲಿ ಪತ್ರ ಬರೆಯುವುದು, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಖಾತೆ ಬದಲಾವಣೆ ಯಾವುದೆಲ್ಲ ಸೇರಿದೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಸರ್ಕಾರಿ ಶುಲ್ಕದ ಚಲನ್ ನಿಮ್ಮ ಕೈಗೆ ಬರಬೇಕು. "ಕೇಸು ಗೆದ್ದರೆ ಜಮೀನಿನಲ್ಲಿ ಇಷ್ಟು ಗುಂಟೆ ನನಗೆ" ಎನ್ನುವ ಕರಾರು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಅಂಥ ಮಾತು ಬಂದರೆ ಎದ್ದು ಬನ್ನಿ. ಮೂಲ ಪತ್ರಗಳನ್ನು ಬಿಟ್ಟುಬರಬೇಡಿ. ಕೋರ್ಟಿಗೆ ಹಾಜರುಪಡಿಸಲು ಕೊಡಲೇಬೇಕಾದರೆ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 74. ಸ್ವಂತ ಸಂಪಾದನೆಯ ಮನೆ ಇದೆ, ಊರಲ್ಲಿ ಪಿತ್ರಾರ್ಜಿತ ಹೊಲ ಇದೆ. ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಉಯಿಲಿಗೆ ಸ್ಟ್ಯಾಂಪ್ ಪೇಪರ್ ಬೇಕೇ? ನೋಂದಣಿ ಕಡ್ಡಾಯವೇ? ಹೆಂಡತಿ ಇರುವವರೆಗೆ ಮನೆ ಅವಳಿಗೆ, ಆಮೇಲೆ ಮಗಳಿಗೆ ಎಂದು ಬರೆಯಬಹುದೇ?
— ಧಾರವಾಡದ ಓದುಗರು

ಉತ್ತರ: ಸ್ಟ್ಯಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ. ಕಡ್ಡಾಯವಾದದ್ದು ಸಾಕ್ಷಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಂತೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ನೀವು ಸಹಿ ಮಾಡುವುದನ್ನು ಅವರು ನೋಡಿರಬೇಕು ಅಥವಾ "ಇದು ನನ್ನ ಸಹಿ" ಎಂದು ನೀವು ಹೇಳಿದ್ದನ್ನು ಕೇಳಿರಬೇಕು, ಮತ್ತು ನಿಮ್ಮೆದುರೇ ಸಹಿ ಹಾಕಬೇಕು. ಮುಂದೆ ತಕರಾರು ಬಂದಾಗ ಆ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಇದನ್ನೇ ಹೇಳಬೇಕು. ಹಾಗಾಗಿ ನಿಮ್ಮ ಓರಗೆಯ ಗೆಳೆಯರಿಗಿಂತ ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರಾದ, ಅದೇ ಊರಲ್ಲಿ ನೆಲೆಸಿರುವ, ಉಯಿಲಿನಿಂದ ಏನೂ ಪಡೆಯದ ಇಬ್ಬರನ್ನು ಆರಿಸಿ. ನಿಮ್ಮ ಮನೆ ವೈದ್ಯರು ಒಬ್ಬರಾದರೆ ಬುದ್ಧಿ ಸ್ವಾಧೀನದ ಪ್ರಶ್ನೆಗೂ ಉತ್ತರ ಸಿಕ್ಕಂತಾಗುತ್ತದೆ.

ಉಯಿಲು ಬೀಳುವುದು ಸಣ್ಣ ಕಾರಣಗಳಿಗೆ. ಕೊನೆಯ ಪುಟಕ್ಕೆ ಮಾತ್ರ ಸಹಿ ಇದ್ದು ಮೊದಲ ಪುಟಗಳು ಬದಲಾಗಿವೆ ಎಂಬ ಅನುಮಾನ, ಸಹಿಗೂ ಬರಹಕ್ಕೂ ನಡುವೆ ಬಿಟ್ಟ ಖಾಲಿ ಜಾಗ, ಹೆಚ್ಚು ಪಡೆಯುವ ಮಗನೇ ಮುಂದೆ ನಿಂತು ಬರೆಸಿದ್ದು, ಒಬ್ಬ ಮಗುವಿಗೆ ಏನೂ ಕೊಡದೆ ಕಾರಣವನ್ನೂ ಹೇಳದಿದ್ದದ್ದು. ಪ್ರತಿ ಪುಟಕ್ಕೂ ಸಹಿ ಮಾಡಿ, ತಿದ್ದಿದ ಕಡೆಯೂ ನೀವೂ ಸಾಕ್ಷಿಗಳೂ ಸಹಿ ಮಾಡಿ. "ನನ್ನ ಸಮಸ್ತ ಆಸ್ತಿ" ಎಂದು ಬರೆದು ಬಿಡಬೇಡಿ. ಮನೆಯ ಖಾತೆ ಅಥವಾ ಪಿ.ಐ.ಡಿ. (ಆಸ್ತಿ ಗುರುತಿನ) ಸಂಖ್ಯೆ, ಅಳತೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ಯಾವ ವರ್ಷದ ಯಾವ ದಸ್ತಾವೇಜು ಸಂಖ್ಯೆಯಿಂದ ನಿಮಗೆ ಬಂತು ಎಲ್ಲವೂ ಇರಲಿ. "ಇದಕ್ಕೆ ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸಿದ್ದೇನೆ" ಎಂಬ ಸಾಲು, ದಿನಾಂಕ, ಉಯಿಲನ್ನು ಜಾರಿಗೆ ತರುವವರ ಹೆಸರು ಬಿಡಬೇಡಿ.

ಪಿತ್ರಾರ್ಜಿತ ಹೊಲದಲ್ಲಿ ನಿಮ್ಮ ಪಾಲನ್ನಷ್ಟೇ ಉಯಿಲಿನಲ್ಲಿ ಕೊಡಬಹುದು, ಮಕ್ಕಳ ಹುಟ್ಟುಹಕ್ಕನ್ನು ಮುಟ್ಟುವಂತಿಲ್ಲ. ಹೊಲವನ್ನು ಈಗಲೇ ನೋಂದಾಯಿತ ವಿಭಾಗ ಪತ್ರದ ಮೂಲಕ ಹಂಚುವುದೇ ಮೇಲು. ಅದಕ್ಕೆ ಮೊದಲು ಸರ್ವೆಯವರಿಂದ 11ಇ ನಕ್ಷೆ, ಅಂದರೆ ಹಂಚುವ ಭಾಗಗಳನ್ನು ಅಳೆದು ತೋರಿಸುವ ನಕ್ಷೆ, ಆಗಬೇಕು.

ಹೆಂಡತಿಗೆ ಜೀವಿತಾವಧಿಯ ಹಕ್ಕು, ಆಮೇಲೆ ಮಗಳಿಗೆ ಎಂದು ಬರೆಯಬಹುದು. ಆದರೆ ಎಚ್ಚರ ಬೇಕು. ಜೀವನಾಂಶದ ಬದಲಿಗೆ ಹೆಂಡತಿಗೆ ಕೊಟ್ಟದ್ದೆಂದು ಉಯಿಲಿನ ಮಾತಿನಿಂದ ಅರ್ಥ ಬಂದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 14(1)ನೇ ಕಲಮಿನಂತೆ ಅದು ಅವರ ಪೂರ್ಣ ಆಸ್ತಿಯಾಗಬಹುದು, ಆಗ ಮಗಳಿಗೆ ಕೊಟ್ಟ ಮಾತು ನಿಲ್ಲುವುದಿಲ್ಲ. ಸೀಮಿತ ಹಕ್ಕನ್ನು ಮಾತ್ರ ಕೊಟ್ಟಿದ್ದರೆ 14(2) ಅನ್ವಯಿಸುತ್ತದೆ. ಈ ಗೆರೆ ಸಣ್ಣದು, ಸುಪ್ರೀಂ ಕೋರ್ಟಿನವರೆಗೂ ಹೋದ ವ್ಯಾಜ್ಯಗಳಿವೆ. ಉಯಿಲಿನ ಈ ಒಂದು ಪ್ಯಾರಾವನ್ನಾದರೂ ವಕೀಲರಿಂದಲೇ ಬರೆಸಿ. ನಮ್ಮನ್ನು ಕೇಳಿದರೆ ಮನೆಯನ್ನು ಹೆಂಡತಿಗೇ ಪೂರ್ತಿ ಕೊಟ್ಟು, ಅವರಿಂದ ಮಗಳಿಗೆ ಬೇರೊಂದು ಉಯಿಲು ಬರೆಸುವುದು ಸರಳ. ಅವರು ಮುಂದೆ ಮನಸ್ಸು ಬದಲಿಸಬಹುದು ಎಂಬುದನ್ನು ಒಪ್ಪಿಕೊಂಡು ಮಾಡಬೇಕು, ಅಷ್ಟೇ.

ನೋಂದಣಿ ಮಾಡಿಸಿದರೆ ಒಳ್ಳೆಯದು. ಕಾಗದ ಕಳೆದರೂ ನಕಲು ಸಿಗುತ್ತದೆ, ನಕಲಿ ಎಂಬ ಮಾತಿಗೆ ಆಸ್ಪದ ಕಡಿಮೆ. ನೀವು ಇರುವವರೆಗೆ ನಿಮಗೆ ಅಥವಾ ನಿಮ್ಮ ಅಧಿಕೃತ ಏಜೆಂಟರಿಗೆ ಬಿಟ್ಟು ಇನ್ನಾರಿಗೂ ನಕಲು ಕೊಡುವುದಿಲ್ಲ, ಇ.ಸಿ.ಯಲ್ಲೂ ಅದು ಕಾಣುವುದಿಲ್ಲ. ಹಾಸಿಗೆ ಹಿಡಿದವರ ಮನೆಗೆ ಉಪನೋಂದಣಾಧಿಕಾರಿಯೇ ಬಂದು ನೋಂದಾಯಿಸಲು ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ವಿಷಯ ಗುಟ್ಟಾಗಿರಬೇಕಾದರೆ ಉಯಿಲನ್ನು ಲಕೋಟೆಯಲ್ಲಿ ಮೊಹರು ಮಾಡಿ ಜಿಲ್ಲಾ ನೋಂದಣಾಧಿಕಾರಿಯಲ್ಲಿ ಠೇವಣಿ ಇಡಬಹುದು.

ಮುಸ್ಲಿಂ ಓದುಗರ ಗಮನಕ್ಕೆ: ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಸ್ತಿಯನ್ನು ಉಯಿಲಿನಲ್ಲಿ ಕೊಟ್ಟರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯೊಂದಿಗೆ ರದ್ದಾಗುತ್ತದೆ, ಮತ್ತೆ ಬರೆಯಬೇಕು.

ಪ್ರಶ್ನೆ: ನಮ್ಮ ಯಜಮಾನರ ಬ್ಯಾಂಕ್ ಠೇವಣಿಗೆ ಅವರ ತಮ್ಮನ ಹೆಸರು ನಾಮಿನಿ. ಯಜಮಾನರು ತೀರಿಕೊಂಡರು. ಹಣ ಅವನಿಗೇ ಸೇರಿತೇ?
— ಶಿವಮೊಗ್ಗದ ಓದುಗರು

ಉತ್ತರ: ಇಲ್ಲ, ತಾಯಿ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವರು, ಹಣದ ಒಡೆಯರಲ್ಲ. ವಾರಸುದಾರರಿಗೆ ಅದನ್ನು ತಲುಪಿಸಬೇಕು. ಷೇರುಗಳ ವಿಷಯದಲ್ಲೂ ಹೀಗೆಯೇ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಮಿನಿ ಕೊಡಲು ಒಪ್ಪದಿದ್ದರೆ, ಹಣ ಇನ್ನೂ ಬ್ಯಾಂಕಿನಲ್ಲಿರುವಾಗಲೇ ಕೋರ್ಟಿನಿಂದ ತಡೆಯಾಜ್ಞೆ ತನ್ನಿ. ಠೇವಣಿ, ಷೇರು, ಬಾಂಡುಗಳಿಗೆ ಉತ್ತರಾಧಿಕಾರ ಪ್ರಮಾಣಪತ್ರ ಸಿವಿಲ್ ನ್ಯಾಯಾಲಯದಲ್ಲಿ ಸಿಗುತ್ತದೆ. ಮನೆ, ಜಮೀನಿಗೆ ಆ ಪ್ರಮಾಣಪತ್ರ ನಡೆಯುವುದಿಲ್ಲ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಪುತ್ತೂರಿನ ಅಡಿಕೆ ತೋಟದ ಪಾಲು ಪತ್ರಕ್ಕೆ ಬರಲು ರಜೆ ಇಲ್ಲ. ಅಣ್ಣನಿಗೇ ಪವರ್ ಆಫ್ ಅಟಾರ್ನಿ ಕಳಿಸು ಅನ್ನುತ್ತಾರೆ.
— ದುಬೈಯ ಓದುಗರು

ಉತ್ತರ: ಅಣ್ಣನಿಗೆ ಬೇಡ. ಅವರ ಮೇಲೆ ಅನುಮಾನವೆಂದಲ್ಲ. ಪಾಲು ಪತ್ರದಲ್ಲಿ ಅವರೂ ಒಬ್ಬ ಪಕ್ಷಗಾರರು, ಎರಡೂ ಕಡೆಗೆ ಒಬ್ಬರೇ ಸಹಿ ಹಾಕಿದ ಪತ್ರ ಮುಂದೆ ನಿಮ್ಮ ಮಕ್ಕಳ ಕಾಲದಲ್ಲಿ ಪ್ರಶ್ನೆಗೆ ಗುರಿಯಾಗುತ್ತದೆ. ಪಾಲಿಲ್ಲದ ಬೇರೆ ನಂಬಿಗಸ್ಥರಿಗೆ ಕೊಡಿ. ಎಲ್ಲ ಅಧಿಕಾರವನ್ನೂ ಕೊಡುವ ಜಿ.ಪಿ.ಎ. ಬೇಡ, ಈ ಒಂದು ಕೆಲಸಕ್ಕೆ ಸೀಮಿತವಾದ ಪತ್ರವಿರಲಿ: ವಿಭಾಗ ಪತ್ರಕ್ಕೆ ಸಹಿ, ನೋಂದಣಿಗೆ ಹಾಜರುಪಡಿಸುವುದು, ಪತ್ರ ವಾಪಸ್ಸು ಪಡೆಯುವುದು, ಖಾತೆಗೆ ಅರ್ಜಿ. ಮಾರುವ, ಅಡವಿಡುವ ಅಧಿಕಾರ ಇಲ್ಲ ಎಂದು ಸ್ಪಷ್ಟವಾಗಿ ಬರೆಯಿಸಿ. ಸರ್ವೆ ನಂಬರು, ವಿಸ್ತೀರ್ಣ ಪೂರ್ತಿ ಇರಲಿ.

ಭಾರತೀಯ ಕಾನ್ಸುಲೇಟಿನಲ್ಲಿ ಅಧಿಕಾರಿಯ ಎದುರು ಸಹಿ ಮಾಡಿ ದೃಢೀಕರಿಸಿ. ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇದನ್ನು ಮರೆತು, ನೋಂದಣಿಯ ದಿನ ಉಪನೋಂದಣಾಧಿಕಾರಿ ಕಚೇರಿಯಿಂದ ಎಲ್ಲರೂ ಬರಿಗೈಲಿ ಮರಳುವುದು ಸಾಮಾನ್ಯ. ಇನ್ನು, ನಿಮ್ಮ ಕಡೆ ವರ್ಗ (ಸ್ವಂತ ಪಟ್ಟಾ) ಜಾಗದ ಜೊತೆ ಕುಮ್ಕಿಯನ್ನೂ ಪಾಲಿಗೆ ಹಾಕುವ ರೂಢಿ ಇದೆ. ಕುಮ್ಕಿ ಸರ್ಕಾರಿ ಜಾಗ, ವರ್ಗದಾರರಿಗೆ ಇರುವುದು ಅದರ ಸವಲತ್ತು ಮಾತ್ರ. ಅದನ್ನು ಸ್ವಂತ ಆಸ್ತಿಯೆಂದು ಪತ್ರದಲ್ಲಿ ತೋರಿಸಬೇಡಿ. ಒಬ್ಬರಿಗೆ ಹೆಚ್ಚು ವರ್ಗ, ಇನ್ನೊಬ್ಬರಿಗೆ ಹೆಚ್ಚು ಕುಮ್ಕಿ ಎಂದು ಹಂಚಿದರೆ ಎರಡನೆಯವರು ಕೈಸುಟ್ಟುಕೊಳ್ಳುತ್ತಾರೆ.

ಪ್ರಶ್ನೆ: ನನಗೆ 71 ವರ್ಷ. ಮೂರು ವರ್ಷದ ಹಿಂದೆ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಊಟಕ್ಕೂ ಕಷ್ಟ. ಮನೆ ವಾಪಸ್ಸು ಬರುತ್ತದೆಯೇ?
— ಮೈಸೂರಿನ ಓದುಗರು

ಉತ್ತರ: ಬರುವ ದಾರಿ ಇದೆ. ನೋಂದಾಯಿತ ದಾನಪತ್ರವನ್ನು ನೀವೊಬ್ಬರೇ ಹೋಗಿ ರದ್ದು ಮಾಡಿಸಲಾಗದು. ಆದರೆ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆಯ 2007ರ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ಅನೂರ್ಜಿತವೆಂದು ನ್ಯಾಯಮಂಡಳಿ ಘೋಷಿಸಬಹುದು. ನಮ್ಮ ರಾಜ್ಯದಲ್ಲಿ ಈ ನ್ಯಾಯಮಂಡಳಿ ಉಪವಿಭಾಗಾಧಿಕಾರಿಯವರದು. ಅರ್ಜಿಯೊಂದಿಗೆ ದಾನಪತ್ರದ ನಕಲು, ವಯಸ್ಸಿನ ದಾಖಲೆ, ಔಷಧಿಯ ಚೀಟಿಗಳು ಕೊಡಿ. ನೆರೆಯವರ ಹೇಳಿಕೆಯೂ ಇದ್ದರೆ ಒಳ್ಳೆಯದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶವನ್ನೂ ಅದರಲ್ಲೇ ಕೇಳಿ. ಹಿರಿಯರ ಸಹಾಯವಾಣಿ 14567.

ತೊಡಕು ಬರುವುದು ಷರತ್ತಿನಲ್ಲಿ. "ಪ್ರೀತಿ ವಿಶ್ವಾಸದಿಂದ" ಕೊಟ್ಟೆ ಎಂದಷ್ಟೇ ದಾನಪತ್ರದಲ್ಲಿದ್ದರೆ ಷರತ್ತು ಎಲ್ಲಿದೆ ಎಂದು ಮಗನ ಕಡೆಯವರು ಕೇಳುತ್ತಾರೆ. 2022ರಲ್ಲಿ ಸುಪ್ರೀಂ ಕೋರ್ಟ್ ಷರತ್ತು ಇತ್ತೆಂಬುದನ್ನು ತೋರಿಸಲೇಬೇಕು ಎಂದಿತ್ತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಇರುವ ಕಾನೂನು, ಉದಾರವಾಗಿ ಅರ್ಥೈಸಬೇಕು ಎಂದು ಹೇಳಿ ತಾಯಿಗೆ ಆಸ್ತಿ ಮರಳಿಸಿತು. ಅಲ್ಲಿ ಮಗ ಬೇರೆ ಕಾಗದದಲ್ಲಿ ನೋಡಿಕೊಳ್ಳುವ ಮಾತು ಕೊಟ್ಟಿದ್ದ. ನಿಮ್ಮ ಬಳಿಯೂ ಆಗ ಬರೆಸಿಕೊಂಡ ಚೀಟಿ, ಮೊಬೈಲ್ ಸಂದೇಶ, ಮಾತುಕತೆಗೆ ಕೂತ ಹಿರಿಯರು ಇದ್ದರೆ ಅರ್ಜಿಯಲ್ಲಿ ಮೊದಲು ಅದನ್ನೇ ಹೇಳಿ.

ಇನ್ನೂ ದಾನಪತ್ರ ಮಾಡದ ಹಿರಿಯರು ಅವಸರ ಪಡಬೇಡಿ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಮನೆ ಬರೆದುಕೊಡಬೇಡಿ, ಉಯಿಲಾದರೆ ಬೇಕೆಂದಾಗ ಬದಲಿಸಬಹುದು. ಕೊಡಲೇಬೇಕಾದರೆ ಪತ್ರದೊಳಗೇ ಈ ಮಾತು ಬರಲಿ: "ದಾನಿಯು ತಮ್ಮ ಜೀವಿತಾವಧಿಯವರೆಗೆ ಸದರಿ ಮನೆಯಲ್ಲಿ ವಾಸಿಸುವ ಮತ್ತು ಬಾಡಿಗೆ ಪಡೆಯುವ ಹಕ್ಕನ್ನು ಉಳಿಸಿಕೊಂಡಿರುತ್ತಾರೆ. ದಾನ ಪಡೆದವರು ದಾನಿಯ ಊಟ, ಬಟ್ಟೆ, ವೈದ್ಯಕೀಯ ಖರ್ಚು ನೋಡಿಕೊಳ್ಳತಕ್ಕದ್ದು. ತಪ್ಪಿದಲ್ಲಿ 2007ರ ಕಾಯ್ದೆಯ 23ನೇ ಕಲಮಿನಂತೆ ಈ ಪತ್ರ ರದ್ದತಿಗೆ ಒಳಪಡುತ್ತದೆ." ಕರಡಿನಲ್ಲಿ ಈ ಸಾಲುಗಳನ್ನು ಬಿಟ್ಟಿದ್ದರೆ ಸೇರಿಸಿ ತರುವವರೆಗೆ ಹೆಬ್ಬೆಟ್ಟು ಒತ್ತಬೇಡಿ.